ಕೆನ್ನಿ ವಾಷಿಂಗ್ಟನ್ ಮತ್ತು ಒಂದು ಬಾಡಿಗೆ ಕರಾರು

ಪ್ರತಿ ವರ್ಷ ಏಪ್ರಿಲ್ 15ಕ್ಕೆ ಅಮೆರಿಕದ ಮೇಜರ್ ಲೀಗ್ ಬೇಸ್‌ಬಾಲ್ ಆಟಗಾರರೆಲ್ಲ ಒಂದೇ ನಂಬರಿನ ಜೆರ್ಸಿ ಹಾಕುತ್ತಾರೆ. 42. ಜಾಕಿ ರಾಬಿನ್ಸನ್ ನಂಬರು ಅದು. 1947ರಲ್ಲಿ ಅದೇ ದಿನ, ಅಲ್ಲಿಯವರೆಗೆ ಬರೀ ಬಿಳಿಯರಿದ್ದ ಆ ಲೀಗಿನಲ್ಲಿ, ಕಪ್ಪು ಆಟಗಾರ ಜಾಕಿ ಮೊದಲ ಸಲ ಆಡಿದ್ದು. ಬೇಸ್‌ಬಾಲ್ ಒಂದು ಪಂದ್ಯವನ್ನೂ ನೋಡದ ನಮ್ಮವರಿಗೂ ಈ ಹೆಸರು ಗೊತ್ತಿರುತ್ತೆ.

ಅದಕ್ಕಿಂತ ಒಂದು ವರ್ಷ ಮೊದಲು, 1946ರ ಮಾರ್ಚ್ 21ರಂದು, ಜಾಕಿಯ ಕಾಲೇಜು ತಂಡದಲ್ಲೇ ಆಡಿದ್ದ ಕೆನ್ನಿ ವಾಷಿಂಗ್ಟನ್ ಎನ್‌ಎಫ್‌ಎಲ್‌ನ ಲಾಸ್ ಏಂಜಲೀಸ್ ರ‍್ಯಾಮ್ಸ್ ತಂಡ ಸೇರಿದ. ಅಮೆರಿಕನ್ ಫುಟ್‌ಬಾಲ್‌ನ ಆ ದೊಡ್ಡ ಲೀಗಿನಲ್ಲಿ ಹನ್ನೆರಡು ವರ್ಷ ಒಬ್ಬನೇ ಒಬ್ಬ ಕಪ್ಪು ಆಟಗಾರ ಇರಲಿಲ್ಲ. ಆ ಬೀಗ ಒಡೆದವನು ಕೆನ್ನಿ. ಅವನ ನಂಬರು 13. ಮಾರ್ಚ್ 21ಕ್ಕೆ ಯಾರೂ 13 ಹಾಕಿಕೊಂಡು ಓಡಾಡುವುದಿಲ್ಲ.

ಯಾಕೆ ಅಂತ ತುಂಬಾ ದಿನದಿಂದ ಯೋಚಿಸುತ್ತಿದ್ದೇನೆ. ನನಗನ್ನಿಸುವುದು ಇಷ್ಟು: ಜಾಕಿಯ ಕಥೆಯಲ್ಲಿ ಒಬ್ಬ ಒಳ್ಳೆಯ ಯಜಮಾನ ಇದ್ದಾನೆ. ಡಾಡ್ಜರ್ಸ್ ತಂಡದ ಬ್ರಾಂಚ್ ರಿಕಿ. ಹುಡುಕಿ, ಕರೆಸಿ, ಬೆನ್ನಿಗೆ ನಿಂತವನು. ಹೇಳಿಕೊಳ್ಳಲು ಚೆನ್ನಾಗಿದೆ. ಕೆನ್ನಿಯ ಕಥೆಯಲ್ಲಿ ಅಂಥ ಯಜಮಾನ ಯಾರೂ ಇಲ್ಲ. ಅಲ್ಲಿರುವುದು ಒಂದು ಮೈದಾನದ ಬಾಡಿಗೆ ಕರಾರು.

ಮೊದಲು ಆಟ ಗೊತ್ತಿಲ್ಲದವರಿಗೆ ಒಂದು ಮಾತು. ಇದು ಕಾಲಲ್ಲಿ ಒದೆಯುವ ನಮ್ಮ ಫುಟ್‌ಬಾಲ್ ಅಲ್ಲ. ಕೈಯಲ್ಲಿ ಚೆಂಡು ಹಿಡಿದು ಎದುರಾಳಿಗಳನ್ನು ಸೀಳಿಕೊಂಡು ಮುಂದೆ ಹೋಗಬೇಕು. ಕಬಡ್ಡಿಯಲ್ಲಿ ರೈಡರ್ ಹಿಡಿತ ತಪ್ಪಿಸಿಕೊಂಡು ಗೆರೆ ಮುಟ್ಟುತ್ತಾನಲ್ಲ, ಹೆಚ್ಚುಕಡಿಮೆ ಹಾಗೆ. ವ್ಯತ್ಯಾಸ ಏನಂದ್ರೆ ಇಲ್ಲಿ ಹಿಡಿಯುವವರು ಹನ್ನೊಂದು ಜನ, ಒಬ್ಬೊಬ್ಬರೂ ಮೂಟೆಯಂಥವರು.

ಕೆನ್ನಿ ಲಾಸ್ ಏಂಜಲೀಸಿನ ಲಿಂಕನ್ ಹೈಟ್ಸ್ ಹುಡುಗ. ಹುಟ್ಟಿದ್ದು 1918. ಯುಸಿಎಲ್‌ಎ ಕಾಲೇಜಿಗೆ ಆಡುವಾಗ ಓಡುತ್ತಿದ್ದ, ಚೆಂಡು ಎಸೆಯುತ್ತಿದ್ದ, ಎದುರಾಳಿಗಳನ್ನು ಕೆಡವುತ್ತಲೂ ಇದ್ದ. 1939ರ ಸೀಸನ್‌ನಲ್ಲಿ ತಂಡ ಆಡಿದ 600 ನಿಮಿಷಗಳಲ್ಲಿ 580 ನಿಮಿಷ ಇವನು ಮೈದಾನದಲ್ಲೇ ಇದ್ದ. ಚೆಂಡನ್ನು ಎಷ್ಟು ಯಾರ್ಡ್ (ಒಂದು ಯಾರ್ಡ್ ಅಂದರೆ ಮೂರು ಅಡಿ) ಮುಂದೆ ಒಯ್ದ ಎಂಬ ಲೆಕ್ಕದಲ್ಲಿ, ಓಟ, ಎಸೆತ ಎರಡೂ ಸೇರಿ, ಇಡೀ ದೇಶಕ್ಕೆ ಮೊದಲಿಗ. ಅದೇ ತಂಡದಲ್ಲಿ ಜಾಕಿ ರಾಬಿನ್ಸನ್ ಇದ್ದ, ವುಡಿ ಸ್ಟ್ರೋಡ್ ಇದ್ದ. ತಮಾಷೆ ಅಂದರೆ ಕೆನ್ನಿ ಬೇಸ್‌ಬಾಲ್ ಕೂಡ ಚೆನ್ನಾಗಿ ಆಡುತ್ತಿದ್ದ. ಕಾಲೇಜು ಬೇಸ್‌ಬಾಲ್‌ನಲ್ಲಿ ಜಾಕಿಯ ಬ್ಯಾಟಿಂಗ್ ಸರಾಸರಿ ಬರೀ 0.097, ಅಂದರೆ ಹತ್ತು ಸಲಕ್ಕೆ ಒಂದು ಹಿಟ್ ಕೂಡ ಇಲ್ಲ!

ಇಂಥವನು ಕಾಲೇಜು ಮುಗಿಸಿದಾಗ ತಂಡಗಳು ಕ್ಯೂ ನಿಲ್ಲಬೇಕಿತ್ತು, ಅಲ್ವಾ? ಯಾರೂ ಬರಲಿಲ್ಲ. 1940ರಲ್ಲಿ ಕಾಲೇಜು ಆಟಗಾರರ ಆಲ್‌ಸ್ಟಾರ್ ಪಂದ್ಯ ಆಡಲು ಶಿಕಾಗೋಗೆ ಹೋದಾಗ ಅಲ್ಲಿನ ಎನ್‌ಎಫ್‌ಎಲ್ ತಂಡ ಬೇರ್ಸ್‌ನ ಮಾಲೀಕ ಜಾರ್ಜ್ ಹಾಲಸ್, ಸ್ವಲ್ಪ ದಿನ ಇಲ್ಲೇ ಇರು, ನೋಡೋಣ ಅಂದರು. ಕೆನ್ನಿ ಕಾದ. ಏನೂ ಆಗಲಿಲ್ಲ. ಊರಿಗೆ ಬಂದು ಹಾಲಿವುಡ್ ಬೇರ್ಸ್ ಎಂಬ ಚಿಕ್ಕ ಲೀಗಿನ ತಂಡಕ್ಕೆ ಆಡತೊಡಗಿದ.

ಕಪ್ಪು ಆಟಗಾರರನ್ನು ಸೇರಿಸಬಾರದು ಅಂತ ಎನ್‌ಎಫ್‌ಎಲ್ ಎಲ್ಲೂ ಬರೆದಿಟ್ಟಿರಲಿಲ್ಲ. 1920ರಲ್ಲಿ ಲೀಗ್ ಶುರುವಾದಾಗ ಫ್ರಿಟ್ಜ್ ಪೊಲಾರ್ಡ್ ಇದ್ದ. 1921ರಲ್ಲಿ ಅವನು ಅಕ್ರನ್ ತಂಡದ ಕೋಚ್ ಕೂಡ ಆದ. 1933ರಲ್ಲಿ ಜೋ ಲಿಲಾರ್ಡ್, ರೇ ಕೆಂಪ್ ಆಡಿದರು. ಮರುವರ್ಷದಿಂದ ಯಾರೂ ಇಲ್ಲ. ಕಾಗದ ಇಲ್ಲ, ಸಹಿ ಇಲ್ಲ, ಕೇಳಿದರೆ ಅಂಥದ್ದೇನೂ ಇಲ್ಲವಲ್ಲ ಎಂಬ ಉತ್ತರ. ಬರೆದಿಟ್ಟ ಕಾನೂನನ್ನಾದರೂ ಕೋರ್ಟಿಗೆ ಎಳೆಯಬಹುದು. ಬರೆಯದ್ದನ್ನು ಏನು ಮಾಡುತ್ತೀರಿ? ಮನೆ ಖಾಲಿ ಇಲ್ಲ ಅನ್ನುತ್ತಾ ಟು-ಲೆಟ್ ಬೋರ್ಡ್ ಹಾಗೇ ಬಿಡುವವರನ್ನು ನಾವೇನು ನೋಡಿಲ್ಲವೇ.

ಈಗ ಬಾಡಿಗೆ ಕರಾರಿಗೆ ಬರೋಣ. ರ‍್ಯಾಮ್ಸ್ ಮೊದಲು ಕ್ಲೀವ್‌ಲ್ಯಾಂಡ್ ತಂಡ. 1945ರಲ್ಲಿ ಚಾಂಪಿಯನ್ ಆದರೂ ನಷ್ಟದಲ್ಲಿತ್ತು. ಮಾಲೀಕ ಡ್ಯಾನ್ ರೀವ್ಸ್ ತಂಡವನ್ನು ಲಾಸ್ ಏಂಜಲೀಸಿಗೆ ತಂದ. ಆಡಲು ಬೇಕಿದ್ದದ್ದು ಕೊಲಿಸಿಯಮ್, 1932ರ ಒಲಿಂಪಿಕ್ಸ್ ನಡೆದ ದೊಡ್ಡ ಸ್ಟೇಡಿಯಂ. ಅದು ಜನರ ತೆರಿಗೆ ದುಡ್ಡಿನದು. 1946ರ ಜನವರಿಯಲ್ಲಿ ಸ್ಟೇಡಿಯಂ ಆಯೋಗದ ಸಭೆಗೆ ಕಪ್ಪು ಜನರ ಪತ್ರಿಕೆಯವರು ಹೋದರು. ಲಾಸ್ ಏಂಜಲೀಸ್ ಟ್ರಿಬ್ಯೂನ್‌ನ ಹ್ಯಾಲಿ ಹಾರ್ಡಿಂಗ್ ಎದ್ದು ನಿಂತು, ನಮ್ಮ ದುಡ್ಡಿನ ಮೈದಾನದಲ್ಲಿ ನಮ್ಮವರನ್ನು ಹೊರಗಿಡುವ ತಂಡ ಆಡುವುದು ಹೇಗೆ ಅಂತ ಕೇಳಿದರು. ಕೆನ್ನಿಗೆ ಆದ ಅನ್ಯಾಯವನ್ನೂ ಎತ್ತಿದರು. ಎರಡು ತಿಂಗಳಲ್ಲಿ ಕೆನ್ನಿಯ ಸಹಿ ಬಿತ್ತು. ಮೇ ತಿಂಗಳಲ್ಲಿ ವುಡಿ ಸ್ಟ್ರೋಡ್ ಬಂದ. ತಂಡದ ಕೋಚ್‌ಗಳಲ್ಲಿ ಒಬ್ಬನಾಗಿದ್ದ ಬಾಬ್ ಸ್ನೈಡರ್ ಮುಂದೆ ಒಪ್ಪಿಕೊಂಡ: ಕ್ಲೀವ್‌ಲ್ಯಾಂಡಿನಲ್ಲೇ ಇದ್ದಿದ್ದರೆ ಕೆನ್ನಿಯ ಕಡೆ ನಾವು ನೋಡುತ್ತಲೇ ಇರಲಿಲ್ಲವೇನೋ.

ಯುದ್ಧ ಮುಗಿದ ಮೇಲೆ ಬಿಳಿಯರ ಮನಸ್ಸು ಬದಲಾಯಿತು, ಕಾಲ ಕೂಡಿ ಬಂತು ಅಂತ ಹೇಳುವವರಿದ್ದಾರೆ. ನಾನಂತೂ ನಂಬುವುದಿಲ್ಲ. ಕಾಲ ತಾನಾಗಿ ಕೂಡಿ ಬರುವುದಿದ್ದರೆ ವಾಷಿಂಗ್ಟನ್ ನಗರದ ತಂಡಕ್ಕೆ ಇನ್ನೂ ಹದಿನಾರು ವರ್ಷ ಯಾಕೆ ಬೇಕಿತ್ತು? ಅದರ ಮಾಲೀಕ ಜಾರ್ಜ್ ಪ್ರೆಸ್ಟನ್ ಮಾರ್ಷಲ್ 1962ರ ತನಕ ಒಬ್ಬ ಕಪ್ಪು ಆಟಗಾರನನ್ನೂ ಆಡಿಸಲಿಲ್ಲ. ಅವನು ಬಗ್ಗಿದ್ದಾದರೂ ಯಾಕೆ? ಹೊಸ ಸ್ಟೇಡಿಯಂ ಇದ್ದ ಜಾಗ ಸರ್ಕಾರದ್ದು. ಕೆನಡಿ ಸಂಪುಟದ ಸ್ಟುವರ್ಟ್ ಯೂಡಾಲ್, ಸೇರಿಸಿಕೊಳ್ಳದಿದ್ದರೆ ಇಲ್ಲಿ ಆಡುವ ಹಾಗಿಲ್ಲ ಅಂದರು. ಕಪ್ಪು ಆಟಗಾರ ಬಾಬಿ ಮಿಚೆಲ್ ತಂಡಕ್ಕೆ ಬಂದ. ಎರಡು ಊರು, ಎರಡು ಕಾಲ, ಎರಡೂ ಕಡೆ ಕೀಲಿಕೈ ಮೈದಾನವೇ.

ಆದರೆ ಹಾರ್ಡಿಂಗ್ ಗೆದ್ದ ಹೊತ್ತಿಗೆ ಕೆನ್ನಿಗೆ 27. ಮೊಣಕಾಲಿಗೆ ಆಪರೇಷನ್ ಆಗಿತ್ತು. ಓಟಗಾರನ ಒಳ್ಳೆಯ ಆರು ವರ್ಷ ಚಿಕ್ಕ ಲೀಗಿನಲ್ಲಿ ಕಳೆದಿತ್ತು. ಶಿಕಾಗೋದಲ್ಲಿ ತಂಡ ಇಳಿದ ಹೋಟೆಲಿನವರು ಕೆನ್ನಿ, ವುಡಿ ಇಬ್ಬರಿಗೂ ರೂಮ್ ಕೊಡಲಿಲ್ಲ. ತಂಡದವರು ಕೈಗೆ ತಲಾ 100 ಡಾಲರ್ ಇಟ್ಟು ಕಪ್ಪು ಜನರ ಹೋಟೆಲಿಗೆ ಕಳಿಸಿದರು. ಅಲ್ಲಿ ಜಾಜ್ ಸಂಗೀತಗಾರ ಕೌಂಟ್ ಬೇಸಿಯ ಬ್ಯಾಂಡ್ ನುಡಿಸುತ್ತಿತ್ತು. ಆಮೇಲೆ ವಾಪಸ್ ಬನ್ನಿ ಎಂಬ ಕರೆ ಬಂದಾಗ ಇವರು ಹೋಗಲಿಲ್ಲ, ಅಲ್ಲೇ ಸಂಗೀತ ಕೇಳುತ್ತಾ ಕೂತರು. ಸರಿಯಾಗಿ ಮಾಡಿದರು. ಸ್ವರ್ಗಕ್ಕೂ ಹೀಗೆ ಮೊದಲಿಗನಾಗಿ ಹೋಗಬೇಕು ಅನ್ನುವುದಾದರೆ ನನಗೆ ಸ್ವರ್ಗವೇ ಬೇಡ ಎಂಬ ಅರ್ಥದ ಮಾತನ್ನು ವುಡಿ ಮುಂದೆ ಆಡಿದ್ದ.

ಅಂಥ ಕಾಲಿನಲ್ಲೇ 1947ರಲ್ಲಿ ಕೆನ್ನಿ ಒಂದು ಓಟಕ್ಕೆ ಸರಾಸರಿ 7.4 ಯಾರ್ಡ್ ಗಳಿಸಿದ. ಲೀಗಿಗೇ ಮೊದಲು. ಆ ವರ್ಷ ಚಾಂಪಿಯನ್ ಆದ ಶಿಕಾಗೋ ಕಾರ್ಡಿನಲ್ಸ್ ವಿರುದ್ಧ ಒಂದೇ ಓಟದಲ್ಲಿ 92 ಯಾರ್ಡ್! ಮೈದಾನವೇ 100 ಯಾರ್ಡ್ ಉದ್ದ. 1948ಕ್ಕೆ ಆಟ ಮುಗಿಯಿತು. ಮೂರು ಸೀಸನ್, ಓಟದಲ್ಲಿ ಒಟ್ಟು 859 ಯಾರ್ಡ್.

ಈ 859 ನೋಡಿಯೇ, ದೊಡ್ಡ ಆಟಗಾರರನ್ನು ಆರಿಸಿ ಗೌರವಿಸುವ ಪ್ರೊ ಫುಟ್‌ಬಾಲ್ ಹಾಲ್ ಆಫ್ ಫೇಮ್ ಅವನನ್ನು ಹೊರಗಿಟ್ಟಿದೆ ಅನ್ನಿಸುತ್ತದೆ ನನಗೆ. ಅದೇ 1946ರಲ್ಲಿ ಬೇರೊಂದು ಲೀಗಿನ ಕ್ಲೀವ್‌ಲ್ಯಾಂಡ್ ಬ್ರೌನ್ಸ್ ಸೇರಿದ ಮೇರಿಯನ್ ಮಾಟ್ಲಿ, ಬಿಲ್ ವಿಲ್ಲಿಸ್ ಇಬ್ಬರೂ ಅಲ್ಲಿದ್ದಾರೆ. ಇರಲೇಬೇಕು, ಅವರು ದೊಡ್ಡ ಆಟಗಾರರು. ಆದರೆ ಆಡಲು ಬಿಡದ ಆರು ವರ್ಷದ ಯಾರ್ಡುಗಳನ್ನು ಕೆನ್ನಿ ಎಲ್ಲಿಂದ ತರಬೇಕು? ಬಾಗಿಲು ಹಾಕಿಕೊಂಡವರೇ ಈಗ, ಒಳಗೆ ಬಂದು ನೀನು ಹೆಚ್ಚೇನೂ ಮಾಡಲಿಲ್ಲವಲ್ಲ ಅಂದಂತಾಯಿತು.

ಕೆನ್ನಿ 1971ರಲ್ಲಿ ತೀರಿಕೊಂಡ, 52ನೇ ವಯಸ್ಸಿನಲ್ಲಿ. ಆಗ ಜಾಕಿ ಒಂದು ಲೇಖನ ಬರೆದ. ನಾನು ನೋಡಿದವರಲ್ಲೇ ಅತಿ ದೊಡ್ಡ ಫುಟ್‌ಬಾಲ್ ಆಟಗಾರ ಇವನು, ದೇಶಕ್ಕೆಲ್ಲ ಗೊತ್ತಾಗಲಿಲ್ಲವೆಂಬ ನೋವು ಇವನೊಳಗೆ ಆಳವಾಗಿ ಇದ್ದಿರಬೇಕು ಎನ್ನುವುದು ಅದರ ಸಾರ. ಮರುವರ್ಷ ಜಾಕಿಯೂ ಹೋದ. ಆ 92 ಯಾರ್ಡಿನ ಓಟವನ್ನು ರ‍್ಯಾಮ್ಸ್ ತಂಡದಲ್ಲಿ ಇವತ್ತಿಗೂ ಯಾರೂ ದಾಟಿಲ್ಲ.