ರೀಸೆಟ್ ಮಾಡುವ ಮೊದಲು ಇಷ್ಟು ನೋಡಿ
ಫೋನಿನಲ್ಲಿ ಪಾಪ್-ಅಪ್ (ತಾನಾಗಿಯೇ ಪರದೆ ಮೇಲೆ ಬರುವ ಜಾಹೀರಾತು, ಸಂದೇಶ) ಕಾಟ ಶುರುವಾದರೆ ಫ್ಯಾಕ್ಟರಿ ರೀಸೆಟ್, ಅಂದರೆ ಫೋನಿನಲ್ಲಿರುವುದನ್ನೆಲ್ಲ ಅಳಿಸಿ ಹೊಸದರಂತೆ ಮಾಡುವುದು, ಮಾಡಿಬಿಡಿ ಎಂದು ಒಂದು ಲೇಖನದಲ್ಲಿ ಓದಿದೆ. ಅಷ್ಟು ದೂರ ಹೋಗುವ ಅಗತ್ಯ ಬಹಳ ಸಲ ಇರುವುದಿಲ್ಲ ಸರ್. ಮೊದಲು ಅದು ಯಾವ ಆಪ್‌ನದ್ದು ಅಂತ ಹಿಡಿಯಬೇಕು. ಆಂಡ್ರಾಯ್ಡ್‌ನಲ್ಲಿ ಜಾಹೀರಾತು ಪರದೆ ತುಂಬಿಕೊಂಡಾಗ ಗಾಬರಿಯಿಂದ ಇಂಟು ಗುರುತು ಒತ್ತಬೇಡಿ, ಎಷ್ಟೋ ಸಲ ಅದೇ ನಕಲಿ. ರೀಸೆಂಟ್ ಆಪ್ಸ್ (ಈಚೆಗೆ ತೆರೆದ ಆಪ್‌ಗಳ ಪಟ್ಟಿ) ತೆರೆದರೆ ಆ ಕಾರ್ಡಿನ ಮೇಲೆ ಆಪ್‌ನ ಐಕಾನ್ ಸಿಗುತ್ತದೆ. ಕೆಲವು ಕಿಲಾಡಿಗಳು ಐಕಾನ್ ಖಾಲಿ ಬಿಟ್ಟು ಅಡಗಿರುತ್ತವೆ. ಆಗ ಸೆಟ್ಟಿಂಗ್ಸ್‌ನಲ್ಲಿ 'ಡಿಸ್‌ಪ್ಲೇ ಓವರ್ ಅದರ್ ಆಪ್ಸ್' (ಬೇರೆ ಆಪ್‌ಗಳ ಮೇಲೆ ಕಾಣಿಸಿಕೊಳ್ಳುವ ಅನುಮತಿ) ಪಟ್ಟಿ ನೋಡಿ. ಟಾರ್ಚ್ ಆಪ್‌ಗೆ ಬೇರೆ ಆಪ್‌ಗಳ ಮೇಲೆ ಬಂದು ಕೂರುವ ಅನುಮತಿ ಯಾಕೆ ಬೇಕು ಹೇಳಿ! ಹೀಗೆ ಸಿಕ್ಕ ಆಪ್ ಅಳಿಸಲು ಬಿಡದೆ ಹಟ ಮಾಡಿದರೆ ಸೇಫ್ ಮೋಡ್‌ಗೆ (ನಾವು ಹಾಕಿಕೊಂಡ ಆಪ್‌ಗಳು ಓಡದಂತೆ ಫೋನ್ ಶುರುಮಾಡುವ ವಿಧಾನ) ಹೋಗಿ, ಅದಕ್ಕಿರುವ ಡಿವೈಸ್ ಅಡ್ಮಿನ್ (ಫೋನಿನ ಮೇಲೆ ಹೆಚ್ಚಿನ ಹಿಡಿತ ಕೊಡುವ) ಅನುಮತಿ ತೆಗೆದು ಅಳಿಸಿ.

"ನಿಮ್ಮ ಫೋನಿನಲ್ಲಿ ವೈರಸ್ ಇದೆ" ಅಂತ ಬರುವ ನೋಟಿಫಿಕೇಶನ್ ಬೇರೆ ಜಾತಿಯದು. ಯಾವುದೋ ಸೈಟಿನಲ್ಲಿ 'ಅಲೋ' (Allow, ಅನುಮತಿ ಕೊಡು) ಒತ್ತಿದ್ದರ ಫಲ. ವೆಬ್ ಪುಟಕ್ಕೆ ಫೋನ್ ಸ್ಕ್ಯಾನ್ ಮಾಡುವ ಶಕ್ತಿಯೇ ಇಲ್ಲ. ಕ್ರೋಮ್‌ನ ಸೈಟ್ ಸೆಟ್ಟಿಂಗ್ಸ್‌ಗೆ ಹೋಗಿ ಆ ಸೈಟಿನ ನೋಟಿಫಿಕೇಶನ್ ಬ್ಲಾಕ್ ಮಾಡಿದರೆ ನಿಂತುಹೋಗುತ್ತದೆ.

ಇನ್ನು ಓಕೆ, ಕ್ಯಾನ್ಸಲ್ ಅಂತ ದಿಢೀರನೆ ಬರುವ ಪುಟ್ಟ ಪೆಟ್ಟಿಗೆ ಸಿಮ್ ಟೂಲ್‌ಕಿಟ್‌ನದ್ದಾಗಿದ್ದರೆ (ಸಿಮ್ ಕಂಪನಿಯ ಮೆನು, ಸಂದೇಶ ತೋರಿಸುವ ಆಪ್) ರೀಸೆಟ್ ಮಾಡಿಯೂ ಪ್ರಯೋಜನವಿಲ್ಲ, ಅದರ ಮೂಲ ಇರುವುದು ಸಿಮ್ಮಿನಲ್ಲಿ.