ಬೆಲ್ಟ್ ಬದಲಿಸಿದರೆ ಸಾಲದು, ಪುಲ್ಲಿಗಳನ್ನೂ ತಿರುಗಿಸಿ ನೋಡಬೇಕು

ಮಳೆಗಾಲದ ಬೆಳಿಗ್ಗೆ ಕಾರು ಸ್ಟಾರ್ಟ್ ಮಾಡಿದ ಕೂಡಲೇ ಬಾನೆಟ್ಟಿನ ಒಳಗಿನಿಂದ ಕಿರ್ರೆಂದು ಸದ್ದು ಬಂದು, ಕೆಲವೇ ಸೆಕೆಂಡುಗಳಲ್ಲಿ ತಾನಾಗಿ ನಿಂತುಹೋಗುವುದನ್ನು ನಮ್ಮಲ್ಲಿ ಹೆಚ್ಚಿನವರು ಕೇಳಿರುತ್ತೇವೆ. ಸದ್ದು ನಿಂತಿತಲ್ಲ ಎಂದು ಸಮಾಧಾನಪಟ್ಟುಕೊಂಡು ಹೊರಡುವವರೇ ಜಾಸ್ತಿ. ಸ್ಟಾರ್ಟ್ ಮಾಡುವಾಗ ಬ್ಯಾಟರಿಯಿಂದ ಖರ್ಚಾದ ಚಾರ್ಜನ್ನು ತುಂಬಿಕೊಡಲು ಆಲ್ಟರ್ನೇಟರ್ ಆ ಹೊತ್ತಿನಲ್ಲಿ ಹೆಚ್ಚು ದುಡಿಯುತ್ತಿರುತ್ತದೆ. ಅದನ್ನು ತಿರುಗಿಸಬೇಕಾದ ಬೆಲ್ಟ್ ತೇವಕ್ಕೆ ಜಾರುತ್ತಿರುತ್ತದೆ. ಲೋಡ್ ಇಳಿದು ಬೆಲ್ಟ್ ಒಣಗಿದ ಮೇಲೆ ಸದ್ದು ಅಡಗುತ್ತದೆಯೇ ಹೊರತು, ಬೆಲ್ಟ್ ಜಾರಲು ಕಾರಣವಾದ ದೋಷ ಅಲ್ಲಿಯೇ ಉಳಿದಿರುತ್ತದೆ.

ಆ ದೋಷ ಬಹಳಷ್ಟು ಸಲ ಬೆಲ್ಟ್‌ನಲ್ಲಿ ಮಾತ್ರ ಇರುವುದಿಲ್ಲ ಎಂಬುದೇ ನನ್ನ ವಾದ. ಸದ್ದು ಬಂತೆಂದರೆ ಗ್ಯಾರೇಜಿನಲ್ಲಿ ಹಳೆಯ ಬೆಲ್ಟ್ ಬಿಚ್ಚಿ ಹೊಸದನ್ನು ಏರಿಸುತ್ತಾರೆ, ನಾವು ದುಡ್ಡು ಕೊಟ್ಟು ಬರುತ್ತೇವೆ, ಸ್ವಲ್ಪ ದಿನಕ್ಕೆ ಅದೇ ಸದ್ದು ಮರಳುತ್ತದೆ. ಆಗ ಬೆಲ್ಟ್ ಡೂಪ್ಲಿಕೇಟ್ ಎಂದು ಅಂಗಡಿಯವರನ್ನು ಬೈಯುತ್ತೇವೆ. ಆದರೆ ಬೆಲ್ಟನ್ನು ಬಿಗಿಯಾಗಿ ಹಿಡಿದಿಡುವ ಟೆನ್ಷನರ್‌ನ ಸ್ಪ್ರಿಂಗ್ ಸೋತಿದ್ದರೆ, ಬೆಲ್ಟ್‌ಗೆ ದಾರಿ ತೋರಿಸುವ ಐಡ್ಲರ್ ಎಂಬ ಪುಲ್ಲಿಯ ಬೇರಿಂಗ್ ಹೋಗಿದ್ದರೆ, ಎಷ್ಟೇ ಒಳ್ಳೆಯ ಬೆಲ್ಟ್ ಹಾಕಿದರೂ ಅದು ಬಾಳುವುದಿಲ್ಲ.

ಅಂಬಾಸಿಡರ್ ಕಾಲದಲ್ಲಿ ಈ ಕೆಲಸ ಸರಳವಾಗಿತ್ತು. ಒಂದು ವಿ-ಬೆಲ್ಟ್, ಅದನ್ನು ಹೆಬ್ಬೆರಳಿನಿಂದ ಒತ್ತಿ ನೋಡಿ, ಸಡಿಲವಾಗಿದ್ದರೆ ಬೋಲ್ಟ್ ಸಡಿಲಿಸಿ ಬಿಗಿ ಮಾಡಿದರೆ ಮುಗಿಯಿತು. ಇಂದಿನ ಹೆಚ್ಚಿನ ಕಾರುಗಳಲ್ಲಿ ಎಂಜಿನ್ ತಾನೇ ತಿರುಗಿಸುವ ಕ್ರ್ಯಾಂಕ್ ಪುಲ್ಲಿಯಿಂದ ಹೊರಟ ಒಂದೇ ಅಗಲವಾದ ಬೆಲ್ಟ್ ಆಲ್ಟರ್ನೇಟರ್, ಎಸಿ ಕಂಪ್ರೆಸರ್, ಹಲವು ಎಂಜಿನ್‌ಗಳಲ್ಲಿ ವಾಟರ್ ಪಂಪ್, ಹೈಡ್ರಾಲಿಕ್ ಸ್ಟೀರಿಂಗ್ ಇದ್ದರೆ ಅದರ ಪಂಪ್, ಇಷ್ಟನ್ನೂ ಸುತ್ತಿಸುತ್ತದೆ. ಬೆಲ್ಟ್ ಮೇಲೆ 6ಪಿಕೆ1200 ಎಂದು ಬರೆದಿದ್ದರೆ ಅದರಲ್ಲಿ ಉದ್ದಕ್ಕೂ ಸಾಗುವ ಆರು ಏಣುಗಳು, ಅಂದರೆ ಉಬ್ಬುಗೆರೆಗಳಿವೆ, ಉದ್ದ 1200 ಮಿಲಿಮೀಟರ್ ಎಂದರ್ಥ. ‘ನಿಮ್ಮದು ಚೈನ್ ಎಂಜಿನ್, ಬೆಲ್ಟ್ ಚಿಂತೆ ಬೇಡ’ ಎನ್ನುವವರಿದ್ದಾರೆ. ಅವರು ಹೇಳುತ್ತಿರುವುದು ಎಂಜಿನ್‌ನ ವಾಲ್ವ್‌ಗಳನ್ನು ಸರಿಯಾದ ಹೊತ್ತಿಗೆ ತೆರೆದು ಮುಚ್ಚಿಸುವ, ಕವರ್ ಒಳಗಿನ ಟೈಮಿಂಗ್ ಬೆಲ್ಟ್ ಬಗ್ಗೆ. ಮಾರುತಿಯ ಕೆ ಸರಣಿಯ ಎಂಜಿನ್‌ಗಳಲ್ಲಿ ಟೈಮಿಂಗ್‌ಗೆ ಚೈನ್ ಇದೆ ನಿಜ. ಆದರೆ ಹೊರಗಿನ ಈ ಬೆಲ್ಟ್ ಅವುಗಳಲ್ಲಿಯೂ ಇದೆ.

ಚಾರ್ಮಾಡಿ ಘಾಟಿಯನ್ನೋ ಶಿರಾಡಿ ಘಾಟಿಯನ್ನೋ ಹತ್ತುವಾಗ ಇದು ತುಂಡಾದರೆ ಮೊದಲು ಕೆಂಪು ಬ್ಯಾಟರಿ ದೀಪ ಹತ್ತುತ್ತದೆ. ವಾಟರ್ ಪಂಪ್ ಇದೇ ಬೆಲ್ಟ್‌ನಿಂದ ತಿರುಗುವಂಥದ್ದಾದರೆ ಕೂಲೆಂಟ್ ಹರಿಯುವುದು ನಿಂತು ಎಂಜಿನ್ ಬೇಗನೆ ಬಿಸಿಯೇರುತ್ತದೆ. ಮುಂದಿನ ಊರಿನವರೆಗೆ ನಿಧಾನವಾಗಿ ಓಡಿಸಿಕೊಂಡು ಹೋದರಾಯಿತು ಎಂದುಕೊಂಡರೆ ಎಂಜಿನ್‌ನ ಹೆಡ್ ಮತ್ತು ಬ್ಲಾಕ್ ನಡುವಿನ ಸೀಲಾದ ಹೆಡ್ ಗ್ಯಾಸ್ಕೆಟ್ ಕಳೆದುಕೊಳ್ಳುವ ಅಪಾಯವಿದೆ. ಸುರಕ್ಷಿತವಾದ ಜಾಗ ನೋಡಿ ಎಂಜಿನ್ ನಿಲ್ಲಿಸಲೇಬೇಕು. ಹಳೆಯ ಹಲವು ಡೀಸೆಲ್ ವಾಹನಗಳಲ್ಲಿ ಬ್ರೇಕ್‌ಗೆ ಬೇಕಾದ ವ್ಯಾಕ್ಯೂಮ್ ಪಂಪ್ ಆಲ್ಟರ್ನೇಟರ್‌ನ ಬೆನ್ನಿಗೇ ಕೂತಿರುತ್ತದೆ. ಅಂಥವುಗಳಲ್ಲಿ ಬೆಲ್ಟ್ ಹೋದರೆ ಬ್ರೇಕನ್ನು ಕೆಲವು ಬಾರಿ ಒತ್ತುವಷ್ಟರಲ್ಲಿ ಪೆಡಲ್ ಕಲ್ಲಿನಂತೆ ಗಟ್ಟಿಯಾಗುತ್ತದೆ. ಇಳಿಜಾರಿನಲ್ಲಿ ಅದು ಪ್ರಾಣಕ್ಕೇ ಸಂಬಂಧಿಸಿದ ವಿಷಯ.

ಹಿಂದಿನ ನಿಯೋಪ್ರೀನ್ ಬೆಲ್ಟ್‌ಗಳು ವಯಸ್ಸಾದಂತೆ ಅಡ್ಡಕ್ಕೆ ಬಿರುಕು ಬಿಡುತ್ತಿದ್ದವು, ನೋಡಿದರೆ ತಿಳಿಯುತ್ತಿತ್ತು. ಈಗಿನ ಇಪಿಡಿಎಂ ರಬ್ಬರಿನವು ಸುಲಭಕ್ಕೆ ಬಿರಿಯುವುದಿಲ್ಲ. ಏಣುಗಳು ಒಳಗೊಳಗೇ ಸವೆದು ಬೆಲ್ಟ್ ಪುಲ್ಲಿಯ ಗ್ರೂವ್‌ನ (ಗೀರುಗಾಲುವೆಯ) ತಳಕ್ಕೆ ಇಳಿದು ಜಾರತೊಡಗುತ್ತದೆ. ಆದುದರಿಂದ ‘ಬಿರುಕಿಲ್ಲ, ಇನ್ನೂ ಓಡುತ್ತದೆ’ ಎಂಬ ಮಾತನ್ನು ನಂಬಬಾರದು. ಏಣುಗಳ ನಡುವೆ ಇಟ್ಟು ಸವೆತ ಅಳೆಯುವ ಚಿಕ್ಕ ಗೇಜ್ ಸಿಗುತ್ತದೆ. ಅದನ್ನು ಬಳಸುವ ಮೆಕ್ಯಾನಿಕ್ ಸಿಕ್ಕಿದರೆ ಬಿಡಬೇಡಿ. ಇನ್ನೊಂದು ಮಾತು: ಇಪಿಡಿಎಂಗೆ ಪೆಟ್ರೋಲಿಯಂ ಎಣ್ಣೆ ಆಗದು, ತಾಗಿದರೆ ಉಬ್ಬಿ ಮೆತ್ತಗಾಗುತ್ತದೆ. ವಾಶಿಂಗ್ ಮಾಡಿಸುವಾಗ ಹೊಳಪಿಗೆಂದು ಎಂಜಿನ್ ಮೇಲೆ ಡೀಸೆಲ್ ಸಿಂಪಡಿಸುವ ಅಭ್ಯಾಸ ನಮ್ಮ ಊರುಗಳಲ್ಲಿ ಇನ್ನೂ ಇದೆ. ದಯವಿಟ್ಟು ಬೇಡವೆಂದು ಮೊದಲೇ ಹೇಳಿ. ಸದ್ದಿಗೆ ಮದ್ದೆಂದು ಬೆಲ್ಟ್‌ಗೆ ಅಂಟು ಸ್ಪ್ರೇ ಹೊಡೆಯುವುದೂ ಅಷ್ಟೇ ತಪ್ಪು. ಅದು ಧೂಳನ್ನು ಹಿಡಿದಿಟ್ಟುಕೊಂಡು ಸವೆತವನ್ನು ಹೆಚ್ಚಿಸುತ್ತದೆ.

ಕಾರಣ ಹುಡುಕಲು ಎಂಜಿನ್ ಓಡುತ್ತಿರುವಾಗ, ಕೈ ಮತ್ತು ಬಟ್ಟೆ ದೂರವಿಟ್ಟು, ಬೆಲ್ಟ್‌ನ ಏಣಿನ ಬದಿಗೆ ಸ್ವಲ್ಪ ನೀರು ಚಿಮುಕಿಸಿ ನೋಡುವ ಪರೀಕ್ಷೆಯೊಂದಿದೆ. ಚಿಲಿಪಿಲಿಯಂಥ ಸದ್ದು ಒಂದು ಕ್ಷಣ ನಿಂತು ಮತ್ತೆ ಬಂದರೆ ಯಾವುದೋ ಪುಲ್ಲಿ ನೇರಕ್ಕಿಲ್ಲ. ಕಿರುಚಾಟ ಇನ್ನೂ ಜೋರಾದರೆ ಬಿಗಿ ಸಾಲದೆ ಬೆಲ್ಟ್ ಜಾರುತ್ತಿದೆ. ಟಾರ್ಚ್ ಹಿಡಿದು ಟೆನ್ಷನರ್‌ನ ತೋಳನ್ನು ಗಮನಿಸಿ: ಐಡ್ಲಿಂಗ್‌ನಲ್ಲಿ ಅದು ಅಲುಗಿಯೂ ಅಲುಗದಂತೆ ಇರಬೇಕು, ಎದ್ದುಕಾಣುವಂತೆ ಕುಣಿಯುತ್ತಿದ್ದರೆ ಅದರ ಕುಣಿತವನ್ನು ತಡೆಯುವ ಡ್ಯಾಂಪರ್ ಸೋತಿರಬಹುದು, ಇಲ್ಲವೇ ಬೇರೊಂದು ಪುಲ್ಲಿ ಅದನ್ನು ಕುಣಿಸುತ್ತಿರಬಹುದು.

ನಿಜವಾದ ಪರೀಕ್ಷೆ ಇರುವುದು ಬೆಲ್ಟ್ ಬಿಚ್ಚಿದ ಮೇಲೆ, ಎಂಜಿನ್ ಆರಿ ಕೀ ತೆಗೆದಿರುವಾಗ. ಐಡ್ಲರ್ ಮತ್ತು ಟೆನ್ಷನರ್ ಪುಲ್ಲಿಗಳನ್ನು ಒಂದೊಂದಾಗಿ ಬೆರಳಿನಿಂದ ಮೆಲ್ಲಗೆ ತಿರುಗಿಸಬೇಕು. ಒಳ್ಳೆಯ ಬೇರಿಂಗ್ ಗ್ರೀಸಿನ ನವಿರಾದ ತಡೆಯೊಂದಿಗೆ ತಿರುಗಿ ಬೇಗನೆ ನಿಲ್ಲುತ್ತದೆ. ಮರಳು ಸೇರಿದಂತೆ ಗರಗರ ಎಂದರೆ ಬೇರಿಂಗ್ ಹೋಗಿದೆ. ಒಮ್ಮೆ ತಿರುವಿದರೆ ತಡೆಯೇ ಇಲ್ಲದೆ ಸುತ್ತುತ್ತಲೇ ಇದ್ದರೆ ಅದನ್ನು ಚೆನ್ನಾಗಿದೆ ಎಂದು ತಿಳಿಯುತ್ತಾರೆ; ವಾಸ್ತವದಲ್ಲಿ ಒಳಗಿನ ಗ್ರೀಸ್ ಒಣಗಿರುತ್ತದೆ. ಸೀಲ್‌ನ ಅಂಚಿನಲ್ಲಿ ಕೆಂಪಗಿನ ತುಕ್ಕಿನ ಗೆರೆ ಹರಡಿದ್ದರೆ ನೀರು ಒಳಹೊಕ್ಕಿದೆ. ಡೀಸೆಲ್ ಕಾರುಗಳ ಆಲ್ಟರ್ನೇಟರ್‌ನಲ್ಲಿ ಒಂದೇ ದಿಕ್ಕಿಗೆ ಹಿಡಿಯುವ ಓವರ್‌ರನ್ನಿಂಗ್ ಪುಲ್ಲಿ ಇರುವುದುಂಟು. ಅದು ಎರಡೂ ದಿಕ್ಕಿಗೆ ಬಿಗಿಯಾಗಿದ್ದರೆ ಎಂಜಿನ್‌ನ ಪ್ರತಿ ಜರ್ಕ್ ಬೆಲ್ಟ್‌ನ ಮೇಲೆಯೇ ಬೀಳುತ್ತದೆ. ಕ್ರ್ಯಾಂಕ್ ಪುಲ್ಲಿಯ ಹೊರಬಳೆಗೂ ನಡುಭಾಗಕ್ಕೂ ಮಧ್ಯೆ ಇರುವ ರಬ್ಬರ್ ಬಿರಿದಿದೆಯೇ ಎಂಬುದನ್ನೂ ನೋಡಬೇಕು.

ಟೆನ್ಷನರ್‌ಗೆ ಬೆಲ್ಟ್‌ಗಿಂತ ಹೆಚ್ಚು ಬೆಲೆ, ನಿಜ. ಆದರೆ ಬಿಚ್ಚುವ ಕೂಲಿ ಎರಡಕ್ಕೂ ಒಂದೇ. ಬೇರಿಂಗ್ ಗರಗರ ಎನ್ನುತ್ತಿರುವಾಗ ಬೆಲ್ಟ್ ಮಾತ್ರ ಹಾಕಿ ಕಳುಹಿಸುವುದನ್ನು ನಾನು ಉಳಿತಾಯ ಎಂದು ಒಪ್ಪುವುದಿಲ್ಲ. ‘ಹಾಕುವ ಮುಂಚೆ ಪುಲ್ಲಿಗಳನ್ನು ನನ್ನೆದುರಿಗೆ ತಿರುಗಿಸಿ ತೋರಿಸಿ’ ಎಂದು ಕೇಳುವುದು ಗ್ರಾಹಕರ ಹಕ್ಕು. ಕೆಲಸ ಬಲ್ಲ ಮೆಕ್ಯಾನಿಕ್ ಅದಕ್ಕೆ ಬೇಸರಪಡುವುದಿಲ್ಲ.

ಬಿಚ್ಚುವ ಮುಂಚೆ ಬೆಲ್ಟ್ ಸುತ್ತಿರುವ ದಾರಿಯನ್ನು ಮೊಬೈಲಿನಲ್ಲಿ ಫೋಟೊ ತೆಗೆದಿಟ್ಟುಕೊಳ್ಳಿ. ಒಂದು ಸುತ್ತು ತಪ್ಪಿ ವಾಟರ್ ಪಂಪ್ ಹಿಮ್ಮುಖವಾಗಿ ತಿರುಗಿದರೆ, ಬೆಲ್ಟ್ ಬಿಗಿಯಾಗಿದ್ದೂ ಎಂಜಿನ್ ಬಿಸಿಯೇರುತ್ತದೆ. ಸ್ಕ್ರೂಡ್ರೈವರಿನಿಂದ ಮೀಟಿ ಏರಿಸಲು ಬಿಡಬೇಡಿ. ಒಳಗಿನ ದಾರಗಳು ತುಂಡಾಗುತ್ತವೆ, ಪುಲ್ಲಿಯ ಅಂಚಿಗೂ ಪೆಟ್ಟಾಗುತ್ತದೆ. ಏರಿಸಿದ ಮೇಲೆ ಪ್ರತಿ ಪುಲ್ಲಿಯ ಬಳಿ ಬೆರಳಾಡಿಸಿ, ಎಲ್ಲ ಏಣುಗಳೂ ತಮ್ಮ ಗ್ರೂವ್‌ನಲ್ಲೇ ಕೂತಿವೆಯೇ, ಯಾವ ಏಣೂ ಅಂಚಿನಿಂದ ಹೊರಗೆ ಇಣುಕುತ್ತಿಲ್ಲವೇ ಎಂದು ಖಚಿತಪಡಿಸಿಕೊಂಡ ನಂತರವೇ ಎಂಜಿನ್ ಸ್ಟಾರ್ಟ್ ಮಾಡಲು ಹೇಳಿ.