18 ತುಂಬಿದರೂ ಬಾಲ್ಯವಿವಾಹ ಸಿಂಧುವಾಗದು: ಸ್ಪಷ್ಟನೆ

‘ಸಾಮೂಹಿಕ ಮದುವೆಯಲ್ಲಿ ತಾಳಿ ಬಿದ್ದರೆ ಸಾಕು, ಹುಡುಗಿಗೆ 18 ತುಂಬಿದಾಗ ಎಲ್ಲ ಸರಿಹೋಗುತ್ತದೆ’ ಎಂಬ ಸಂದೇಶ ಕುಷ್ಟಗಿ, ಯಲಬುರ್ಗಾ ಕಡೆಯ ವಾಟ್ಸಾಪ್‌ಗಳಲ್ಲಿ ಓಡಾಡುತ್ತಿದೆ. ಇದು ತಪ್ಪು.

2006ರ ಕೇಂದ್ರದ ಬಾಲ್ಯವಿವಾಹ ನಿಷೇಧ ಕಾಯ್ದೆಯಲ್ಲಿ ಸಾಮಾನ್ಯವಾಗಿ ಇಂಥ ಮದುವೆಯನ್ನು ಕೋರ್ಟಿಗೆ ಹೋಗಿ ರದ್ದು ಮಾಡಿಸಿಕೊಳ್ಳಬೇಕಿತ್ತು. ಗೊಂದಲ ಹುಟ್ಟಿದ್ದು ಬಹುಶಃ ಅಲ್ಲಿಂದ. ಕರ್ನಾಟಕ 2016ರಲ್ಲಿ ತಿದ್ದುಪಡಿ ತಂದು, ಬಾಲ್ಯವಿವಾಹ ಮೊದಲ ದಿನದಿಂದಲೇ ಅಸಿಂಧು ಎಂದಿತು. ವರ್ಷ ಉರುಳಿದರೆ ಬದಲಾಗದು. ಮಾಡಿಸಿದವರಿಗೆ, ಪೆಂಡಾಲ್ ಹಾಕಿಸಿದ ಸಂಘಟಕರೂ ಸೇರಿ, 2 ವರ್ಷದವರೆಗೆ ಕಠಿಣ ಸಜೆ, 1 ಲಕ್ಷ ರೂಪಾಯಿವರೆಗೆ ದಂಡ ಉಂಟು.

ಸಂಸಾರ ಗಟ್ಟಿಯಾಗಲೆಂದೇ ಬೇಗ ಮಾಡುತ್ತೇವೆ ಎನ್ನುವ ಹಿರಿಯರಿದ್ದಾರೆ. ಶಾಲೆ ಬಿಡಿಸಿ, ಮೈ ಬಲಿಯುವ ಮೊದಲೇ ಬಸುರಿಯಾದವಳ ಸಂಸಾರ ಅದೆಂಥ ಗಟ್ಟಿಯೋ! ಇಂಥ ಮದುವೆಯ ಸುಳಿವು ಸಿಕ್ಕರೆ ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಬಹುದು.